ಕುಸುಬೆ ಎಣ್ಣೆ, ಕೊಲೆಸ್ಟರಾಲ್ ಮತ್ತು ಹೃದಯ



ಅಂಗಡಿಯ ಎಣ್ಣೆ ಪಾಕೀಟಿನ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಮಾತು ನಿಜ, ಆದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕಾಳಿನಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಇಲ್ಲವೆನ್ನುವಷ್ಟೇ ಇರುತ್ತದೆ. ನಾವು ನೋಡಬೇಕಾದುದು ಆ ಎಣ್ಣೆಯಲ್ಲಿರುವ ಕೊಬ್ಬು ಯಾವ ಬಗೆಯದು ಎಂಬುದನ್ನು.

ಕೊಲೆಸ್ಟರಾಲ್ ಮೇಣದಂತಹ ವಸ್ತು. ಅದು ದೇಹಕ್ಕೆ ಬೇಕೇ ಬೇಕು; ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದನ್ನು ಸಾಗಿಸುವ ಕಣಗಳಲ್ಲಿ ಎರಡು ಮುಖ್ಯ. ಎಲ್‌ಡಿಎಲ್ ಹೆಚ್ಚಾದರೆ, ಕಾಲುವೆಯಲ್ಲಿ ಹೂಳು ತುಂಬಿದಂತೆ, ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ಎಚ್‌ಡಿಎಲ್ ಹೆಚ್ಚುವರಿಯನ್ನು ಯಕೃತ್ತಿಗೆ ಮರಳಿ ಒಯ್ಯುತ್ತದೆ.

ತುಪ್ಪ, ಬೆಣ್ಣೆ, ವನಸ್ಪತಿ, ತಾಳೆ ಎಣ್ಣೆ ಅತಿಯಾದರೆ ಎಲ್‌ಡಿಎಲ್ ಏರುತ್ತದೆ. ನಮ್ಮ ಹುಲಸೂರ, ಬಸವಕಲ್ಯಾಣ, ಹುಮನಾಬಾದ ಭಾಗದ ರೈತರಿಗೆ ಪರಿಚಿತವಾದ ಹಿಂಗಾರಿ ಬೆಳೆ ಕುಸುಬೆ. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಲಿನೋಲಿಕ್ ಆಮ್ಲವಿರುತ್ತದೆ. ಗಟ್ಟಿ ಕೊಬ್ಬಿನ ಬದಲು ಇದನ್ನು ಬಳಸಿದರೆ ಎಲ್‌ಡಿಎಲ್ ಇಳಿಯುತ್ತದೆ.

ಆದರೆ ಎಣ್ಣೆ ಔಷಧವಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ 458 ಹೃದ್ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅವರಲ್ಲಿ ಒಂದು ಗುಂಪಿಗೆ ಗಟ್ಟಿ ಕೊಬ್ಬಿನ ಬದಲು ಕುಸುಬೆ ಎಣ್ಣೆ ಮತ್ತು ಅದರ ಮಾರ್ಗರೀನ್ ಕೊಡಲಾಯಿತು. ಕೊಲೆಸ್ಟರಾಲ್ ಇಳಿಯಿತು, ಆದರೂ ಆ ಗುಂಪಿನಲ್ಲಿಯೇ ಸಾವು ಹೆಚ್ಚಾಗಿತ್ತೆಂದು 2013ರ ಮರುಪರಿಶೀಲನೆ ತಿಳಿಸಿತು. ಇತರ ಹಲವು ಪ್ರಯೋಗಗಳಲ್ಲಿ ಇಂಥ ಬದಲಾವಣೆಯಿಂದ ಹೃದಯಕ್ಕೆ ಅನುಕೂಲ ಕಂಡಿದೆಯಾದರೂ, ಎಣ್ಣೆಯೊಂದನ್ನೇ ನಂಬಿ ವೈದ್ಯರು ಕೊಟ್ಟ ಗುಳಿಗೆ ಬಿಡುವುದು ಅಪಾಯ.

ಹಾಗಾದರೆ ಮಾಡಬೇಕಾದುದೇನು? ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಸಣ್ಣ ಚಮಚ ಎಣ್ಣೆ ಸಾಕು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಶೇಂಗಾ, ಕುಸುಬೆಗಳನ್ನು ಬದಲಿಸಿ ಬಳಸಿರಿ. ಭಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ ಊಟದಲ್ಲಿರಲಿ. ಬೀಡಿ, ತಂಬಾಕು ಬಿಡಿರಿ.

ಕೊಲೆಸ್ಟರಾಲ್ ಏರಿದರೆ ನೋವಾಗಲಿ, ಸುಸ್ತಾಗಲಿ ಇರುವುದಿಲ್ಲ. ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೂ ಅದು ಏರಿರಬಹುದು. ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು. ಮನೆತನದಲ್ಲಿ ಹೃದ್ರೋಗವಿದ್ದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ತಡಮಾಡದೆ ಪರೀಕ್ಷೆ ಮಾಡಿಸಿರಿ.

ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಬಂದರೆ ವಾಯು ಎಂದು ಸೋಡಾ ಕುಡಿದು ಕೂಡಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿರಿ. ಹೃದಯದ ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಇಂಥ ವೇಳೆಯಲ್ಲಿ ಕಳೆದ ಒಂದೊಂದು ಗಳಿಗೆಯೂ ಹೃದಯಕ್ಕೆ ನಷ್ಟವೆಂಬುದನ್ನು ಮರೆಯದಿರಿ.