ಕಾರಿಗೆ ಸೀಟ್ ಕವರ್ ಹಾಕಿಸಿದರೂ ಇನ್ಶೂರೆನ್ಸ್ ರದ್ದಾಗುತ್ತಾ?

"ಹೊರಗಡೆ ಕಾರಿಗೆ ಏನೇ ಹಾಕಿಸಿದರೂ ಇನ್ಶೂರೆನ್ಸ್ ಕ್ಯಾನ್ಸಲ್, ಒಂದು ರೂಪಾಯಿಯೂ ಸಿಗಲ್ಲ" ಎಂಬ ಮಾತು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಗ್ಯಾರೇಜಿಗೆ ಹೋದರೆ ಕೇಳಿಸುವುದು ಇದರ ಉಲ್ಟಾ: "ಏನೂ ಆಗಲ್ಲ ಸಾರ್, ಎಲ್ಲರೂ ಹಾಕಿಸ್ತಾರೆ." ಎರಡೂ ಪೂರ್ತಿ ನಿಜವಲ್ಲ. ಆದರೆ ಎರಡನೆಯದನ್ನು ನಂಬಿದವರ ಜೇಬಿಗೆ ಬೀಳುವ ಕತ್ತರಿ ದೊಡ್ಡದು.

ಇಲ್ಲಿ ಮೂರು ವಿಷಯಗಳು ಕಲಸುಮೇಲೋಗರವಾಗಿವೆ. ವಾರಂಟಿ ಎನ್ನುವುದು ಕಾರು ತಯಾರಿಸಿದ ಕಂಪನಿಗೂ ನಿಮಗೂ ನಡುವಿನದು. ಆರ್‌ಟಿಒ ನೋಡುವುದು ಕಾನೂನನ್ನು. ವಿಮಾ ಕಂಪನಿ ನೋಡುವುದು ಕಾರಿನ ಬೆಲೆ ಮತ್ತು ಅಪಾಯ ಹೆಚ್ಚಾಗಿದೆಯೇ ಎಂಬುದನ್ನು. ವೈರ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್ ಕೂರಿಸಿದರೆ ವಾರಂಟಿಗೆ ತೊಂದರೆ ಆಗಬಹುದು. ಅಷ್ಟಕ್ಕೇ ಪಾಲಿಸಿ ರದ್ದಾಗುವುದಿಲ್ಲ.

ಹಾಗಾದರೆ ಏನಾಗುತ್ತದೆ? ಪಾಲಿಸಿಯಲ್ಲಿ ಐಡಿವಿ ಎಂದು ಒಂದು ಮೊತ್ತ ಇರುತ್ತದೆ. ಕಾರು ಕಳುವಾದರೆ ಅಥವಾ ಪೂರ್ತಿ ಸುಟ್ಟುಹೋದರೆ ಸಿಗುವ ಹಣದ ಲೆಕ್ಕ ಅದರ ಮೇಲೆ. ತಯಾರಕರ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಅದನ್ನು ನಿಗದಿ ಮಾಡುತ್ತಾರೆ. ಪಟ್ಟಿ ಬೆಲೆಯಲ್ಲಿ ಸೇರದ ವಸ್ತು ಈ ಲೆಕ್ಕಕ್ಕೂ ಸೇರುವುದಿಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. "ಶೋರೂಮಿನಲ್ಲೇ ಹಾಕಿಸಿದ್ದು" ಎಂದರೆ "ಕಂಪನಿಯಿಂದ ಬಂದದ್ದು" ಎಂದಲ್ಲ. ಡೀಲರ್ ಬೇರೆ ಬಿಲ್ ಮಾಡಿ ಕೂರಿಸಿದ ಸ್ಟೀರಿಯೋ, ಅಲಾಯ್ ವ್ಹೀಲ್, ಲೆದರ್ ಸೀಟ್ ಎಲ್ಲವೂ ಪಾಲಿಸಿಗೆ ಹೊರಗಿನವೇ, ನೀವು ಹೇಳಿ ಸೇರಿಸುವವರೆಗೆ. ಈಗಲೇ ನಿಮ್ಮ ಪಾಲಿಸಿಯ ಮೊದಲ ಪುಟ ತೆರೆದು ನೋಡಿ. ಐಡಿವಿ ಪಕ್ಕದಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರೀಸ್, ನಾನ್ ಎಲೆಕ್ಟ್ರಿಕಲ್ ಆಕ್ಸೆಸರೀಸ್, ಸಿಎನ್‌ಜಿ/ಎಲ್‌ಪಿಜಿ ಕಿಟ್ ಎಂಬ ಕಾಲಂಗಳು ಇರುತ್ತವೆ. ಅಲ್ಲಿ ಸೊನ್ನೆ ಇದ್ದರೆ, ನೀವು 40,000 ರೂಪಾಯಿ ಕೊಟ್ಟು ಹಾಕಿಸಿದ ಸಿಸ್ಟಮ್ ವಿಮಾ ಕಂಪನಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸೇರಿಸಲು ತೀರಾ ದುಬಾರಿಯೂ ಅಲ್ಲ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ ಎಲೆಕ್ಟ್ರಿಕಲ್ ವಸ್ತುಗಳಿಗೆ ಅವುಗಳ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ. ಅಂದರೆ 40,000ಕ್ಕೆ 1,600 ರೂಪಾಯಿ, ಜಿಎಸ್‌ಟಿ ಬೇರೆ. ಈಗ ಕಂಪನಿಗಳು ತಮ್ಮದೇ ದರ ಇಟ್ಟುಕೊಳ್ಳಬಹುದು, ಹಾಗಾಗಿ ಕೇಳಿ ನೋಡಿ. ಐನೂರು ರೂಪಾಯಿಯ ಮ್ಯಾಟ್‌ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಗ್ಯಾಸ್ ಕಿಟ್ ವಿಷಯ ಬೇರೆ

ಪೆಟ್ರೋಲ್ ಖರ್ಚು ತಾಳಲಾರದೆ ಹಳೆಯ ಕಾರಿಗೆ ಗ್ಯಾಸ್ ಕಿಟ್ ಹಾಕಿಸುವವರು ಬಹಳ. ಇದು ಸೀಟ್ ಕವರ್ ಹಾಕಿಸಿದಂತಲ್ಲ. ಇಂಧನವೇ ಬದಲಾಗಿರುವುದರಿಂದ ಬೆಂಕಿಯ ಅಪಾಯದ ಲೆಕ್ಕವೂ ಬದಲಾಗುತ್ತದೆ. ಕಿಟ್ ಅನುಮೋದಿತ ಆಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಪಾಲಿಸಿಯಲ್ಲೂ ಬರೆಸಬೇಕು. ಟ್ಯಾರಿಫ್ ಪ್ರಕಾರ ಕಿಟ್ ಬೆಲೆಯ ಶೇ. 4, ಜೊತೆಗೆ ಥರ್ಡ್ ಪಾರ್ಟಿ ಭಾಗಕ್ಕೆ 60 ರೂಪಾಯಿ. ಇಷ್ಟು ಉಳಿಸಲು ಹೋಗಿ ಕಿಟ್ ಮುಚ್ಚಿಟ್ಟರೆ, ನಾಳೆ ಕಾರಿಗೆ ಬೆಂಕಿ ಬಿದ್ದಾಗ ಕ್ಲೈಮ್ ತಿರಸ್ಕರಿಸಲು ಕಂಪನಿಯ ಕೈಗೆ ನೀವೇ ಬಲವಾದ ಕಾರಣ ಕೊಟ್ಟ ಹಾಗೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಡಿಕ್ಕಿ ತೆರೆದು ಸಿಲಿಂಡರ್ ಇದೆಯೇ ನೋಡಿ, ಆಮೇಲೆ ಆರ್‌ಸಿ ನೋಡಿ.

ಇನ್ನು ಕೆಲವನ್ನು ಹೇಳಿಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಅವು ಕಾನೂನಿಗೇ ವಿರುದ್ಧ. ವಾಹನದ ಮೂಲ ಸ್ವರೂಪ ಬದಲಿಸುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವುದರ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು. ಅಂದಕ್ಕೆ ಹಾಕಿಸಿದ ಆ ಕಂಬಿ ಪಾದಚಾರಿಗಳಿಗೂ ಅಪಾಯ, ಒಳಗೆ ಕೂತವರಿಗೂ ಅಪಾಯ.

ಎಲ್ಲ ಮಾರ್ಪಾಡಿಗೂ ಹೆಚ್ಚು ಹಣ ಕಟ್ಟಬೇಕು ಎಂದೇನಿಲ್ಲ. ಅಂಗವಿಕಲರಿಗಾಗಿ ಮಾರ್ಪಡಿಸಿದ, ಆರ್‌ಸಿಯಲ್ಲಿ ಹಾಗೆಂದು ನಮೂದಾದ ಕಾರಿಗೆ ಅದೇ ಟ್ಯಾರಿಫ್‌ನಲ್ಲಿ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಶೇ. 50 ರಿಯಾಯಿತಿ ಇದೆ. ಇದನ್ನು ಕೇಳಿ ಪಡೆಯಿರಿ.

ಈಗಾಗಲೇ ಹಾಕಿಸಿಬಿಟ್ಟಿದ್ದರೆ?

ರಿನೀವಲ್‌ವರೆಗೆ ಕಾಯಬೇಕಿಲ್ಲ. ಬಿಲ್ ಮತ್ತು ಆರ್‌ಸಿ ಪ್ರತಿ ಇಟ್ಟು ವಿಮಾ ಕಂಪನಿಗೆ ಇಮೇಲ್ ಮಾಡಿ, "ಎಂಡಾರ್ಸ್‌ಮೆಂಟ್ ಬೇಕು" ಎಂದು ಕೇಳಿ. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ.

ಹೇಳದೇ ಬಿಟ್ಟಿದ್ದಕ್ಕೆ ಕ್ಲೈಮ್ ಪೂರ್ತಿ ತಿರಸ್ಕಾರವಾದರೆ, ಮಾರ್ಪಾಡಿಗೂ ಅಪಘಾತಕ್ಕೂ ಏನು ಸಂಬಂಧ ಎಂದು ಲಿಖಿತ ಕಾರಣ ಕೇಳಿ. ಪಾಲಿಸಿ ಷರತ್ತು ಮೀರಿದ ಪ್ರಕರಣಗಳಲ್ಲೂ ನಷ್ಟದ ಒಂದು ಭಾಗ ಕೊಡುವ ರೂಢಿ ಇದೆ. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ ಪ್ರಕರಣವೊಂದರಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ 2.5 ಲಕ್ಷ ರೂಪಾಯಿ ಕೊಡಿಸಿತ್ತು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.