ಅಜ್ಜಿಯ ಮಾತು ತಿದ್ದುವ ಮೊದಲು

ಮಂಗಳೂರಿನ ಒಂದು ತರಬೇತಿ ಕೋಣೆಯನ್ನು ಕಲ್ಪಿಸಿಕೊಳ್ಳಿ. ಕುರ್ಚಿಯಲ್ಲಿ ಎಪ್ಪತ್ತೈದರ ಅಜ್ಜಿ. ಎದುರಿಗೆ ಸ್ಪೀಚ್ ಥೆರಪಿ ಕಲಿಯುತ್ತಿರುವ ಹುಡುಗಿ, ಕೈಯಲ್ಲಿ ಚಿತ್ರದ ಕಾರ್ಡು.

"ಇದೇನು ಹೇಳಿ ಅಜ್ಜಿ?"

"ಹೊತ್ತಾಯಿತು ಮಗಾ, ಬೀಡಿ ಬ್ರಾಂಚಿಗೆ ಹೋಗಬೇಕು."

"ನೀವು ಬೀಡಿ ಕಟ್ಟುವುದು ಬಿಟ್ಟು ಇಪ್ಪತ್ತು ವರ್ಷ ಆಯಿತಲ್ಲ!"

ಅಜ್ಜಿಯ ಮುಖ ಬಾಡುತ್ತದೆ. ಮತ್ತೆ ಬಾಯಿ ಬಿಡುವುದಿಲ್ಲ.

ಈ ಅಜ್ಜಿ ನಿಜವಾದ ರೋಗಿಯಲ್ಲ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರ ಪಾತ್ರವನ್ನು ಅಭ್ಯಾಸ ಮಾಡಿ ಬಂದ ನಟಿ. ಹೀಗೆ ನಟರನ್ನು ರೋಗಿಗಳಾಗಿ ಕೂರಿಸಿ ಕಲಿಸುವ ಕ್ರಮವನ್ನು 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭಿಸಿದವರು ನರರೋಗ ತಜ್ಞ ಹೋವರ್ಡ್ ಬ್ಯಾರೋಸ್. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ.

ಡಿಮೆನ್ಷಿಯಾದ ಆರೈಕೆಗೆ ಇಂಥ ಅಭ್ಯಾಸ ಬೇಕೇ ಬೇಕು. ಕಾರಣ ಮಿದುಳಿನಲ್ಲಿದೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆ ಮೊದಲು ಇತ್ತೀಚಿನ ನೆನಪುಗಳನ್ನು ಕದಡುತ್ತದೆ. ಆದರೆ ಭಾವನೆ ಅಷ್ಟು ಬೇಗ ಅಳಿಯುವುದಿಲ್ಲ. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಝೈಮರ್ ಇರುವ 17 ಮಂದಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ನೋಡಿದ್ದು ಮರೆತುಹೋದ ಮೇಲೂ ಆ ದುಃಖ, ಆ ಸಂತೋಷ ಉಳಿದಿದ್ದವು. ಎಂದರೆ, ಹುಡುಗಿ ತಿದ್ದಿದ ಮಾತನ್ನು ಅಜ್ಜಿ ಮರೆಯಬಹುದು, ಅದರಿಂದಾದ ಅವಮಾನ ಮಾತ್ರ ಮನಸ್ಸಿನಲ್ಲೇ ಕೂರುತ್ತದೆ. ಅಂಥ ತಪ್ಪು ನಟಿಯ ಮುಂದೆ ಆಗಿ ತೀರುವುದೇ ಒಳ್ಳೆಯದು.

ತರಬೇತಿ ಕೋಣೆಯಲ್ಲಿ ಗುರುಗಳು ಅಭಿನಯ ನಿಲ್ಲಿಸಿ, ಎಲ್ಲಿ ತಪ್ಪಿತೆಂದು ಎಲ್ಲರೊಡನೆ ಚರ್ಚಿಸುತ್ತಾರೆ. ನಂತರ ಎರಡನೇ ಸಲ. ಈಗ ಹುಡುಗಿ ಕಾರ್ಡು ಬದಿಗಿಟ್ಟು ಅಜ್ಜಿಯ ಕಣ್ಣಿನ ಮಟ್ಟಕ್ಕೆ ಕೂರುತ್ತಾಳೆ. "ಒಣಸ್ ಆಂಡಾ ಅಜ್ಜಿ?" (ಊಟ ಆಯಿತಾ ಅಜ್ಜಿ?) ಎಂದು ತುಳುವಿನಲ್ಲೇ ಕೇಳುತ್ತಾಳೆ, ಉತ್ತರ ಬರುವವರೆಗೆ ಕಾಯುತ್ತಾಳೆ. ಒಂದು ತಡ್ಪೆ (ಮೊರ), ನಾಲ್ಕು ಬೀಡಿ ಎಲೆ ಮುಂದಿಡುತ್ತಾಳೆ. ಕೈಗೆ ರೂಢಿಯಾದ ಕೆಲಸದ ನೆನಪು ಹೆಚ್ಚು ಕಾಲ ಬಾಳುತ್ತದೆ. ಬೆರಳು ಆಡತೊಡಗಿದರೆ ಮಾತಿಗೂ ದಾರಿಯಾಗಬಹುದು. ವ್ಯಕ್ತಿಯೇ ಕೇಂದ್ರವಾದ ಆರೈಕೆ ಎಂದರೆ ಇದು. ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಇದನ್ನೇ ಪ್ರತಿಪಾದಿಸಿದರು.

ಮಂಗಳೂರಿನಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಫಾದರ್ ಮುಲ್ಲರ್ ಮೊದಲಾದ ಸಂಸ್ಥೆಗಳು ವಾಕ್ ಮತ್ತು ಶ್ರವಣ ಪದವಿ ಕಲಿಸುತ್ತವೆ. ಇಲ್ಲಿ ಕಲಿತವರ ಬಳಿಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಆಡುವ ಹಿರಿಯರೆಲ್ಲ ಬರುತ್ತಾರೆ. ಕಾಯಿಲೆ ಬಲಿತಂತೆ ಕೆಲವರು ಬಾಲ್ಯದ ಭಾಷೆಗೇ ಮರಳುತ್ತಾರೆ, ಕೆಲವರಿಗೆ ಗಂಜಿ ನುಂಗುವುದೂ ಕಷ್ಟವಾಗುತ್ತದೆ. ಎರಡಕ್ಕೂ ನೆರವಾಗಬೇಕಾದವರು ಸ್ಪೀಚ್ ಥೆರಪಿಸ್ಟರೇ. ಹಾಗಾಗಿ ತರಬೇತಿಯ ಪಾತ್ರಗಳು ಈ ಊರಿನ ಭಾಷೆ, ಕಸುಬು, ಅಡುಗೆಗಳಿಂದಲೇ ಮೂಡಬೇಕು.

2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. "ಅರವತ್ತಕ್ಕೆ ಅರಳು ಮರಳು" ಎಂದು ಕೈಚೆಲ್ಲಬೇಡಿ. ಮನೆಯ ಹಿರಿಯರು ಆಡಿ ಬೆಳೆದ ಭಾಷೆ, ಮಾಡಿದ ಕೆಲಸ, ಮೆಚ್ಚುವ ಊಟ, ಕೇಳುವ ಹಾಡು ಇವನ್ನೆಲ್ಲ ಇಂದೇ ಒಂದು ಪುಸ್ತಕದಲ್ಲಿ ಬರೆದಿಡಿ. ಥೆರಪಿಸ್ಟರಲ್ಲಿಗೆ ಹೋಗುವ ದಿನ ಬಂದರೆ ಸ್ಕ್ಯಾನಿಂಗ್ ವರದಿಯ ಜೊತೆ ಅದನ್ನೂ ಒಯ್ಯಿರಿ.