ಹೋರಿಯ ಬೀಜಕ್ಕೆ ಮೊಟ್ಟೆಯ ಕಾವಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಬೆದೆಗೆ ಬಂದ ಹಸುವನ್ನು ಹೋರಿಯ ಬಳಿಗೆ ಹೊಡೆದುಕೊಂಡು ಹೋಗುವ ಪದ್ಧತಿ ಬಹುಮಟ್ಟಿಗೆ ತಪ್ಪಿಹೋಗಿ, ದನದ ಆಸ್ಪತ್ರೆಯವರಿಗೋ ಡೈರಿಯವರಿಗೋ ಹೇಳಿಕಳುಹಿಸಿ ‘ಸೂಜಿ ಹಾಕಿಸುವುದೇ’ ರೂಢಿಯಾಗಿದೆ. ಬಂದವರು ಜಾಡಿಯ ಮುಚ್ಚಳ ತೆರೆದು, ಬೆಳ್ಳನೆಯ ಆವಿಯೊಳಗಿಂದ ಚಿಮಟದಲ್ಲಿ ಸಣ್ಣದೊಂದು ಕಡ್ಡಿಯನ್ನೆತ್ತಿ ಬೆಚ್ಚನೆಯ ನೀರಿಗೆ ಹಾಕುವಷ್ಟರಲ್ಲಿ ಮನೆಯವರು ಹೋರಿಯ ಜಾತಿಯನ್ನು ವಿಚಾರಿಸಿಯೇ ವಿಚಾರಿಸುತ್ತಾರೆ. ವಿಚಾರಿಸತಕ್ಕದ್ದೇ ಸರಿ, ಆದರೆ ಕಡ್ಡಿಯೊಳಗಿನ ಕಾಲು ಮಿಲಿಲೀಟರ್ ವೀರ್ಯದ್ರವದಲ್ಲಿ ಹೋರಿಯಷ್ಟೇ ಮುಖ್ಯವಾದ ಪಾಲು ಕೋಳಿಮೊಟ್ಟೆಯ ಹಳದಿಯದು, ಗ್ಲಿಸರಿನ್ನಿನದು.

ಹೀಗೆ ಸೂಜಿ ಹಾಕಿಸುವ ಕೃತಕ ಗರ್ಭಧಾರಣೆಗೆ ಭರತಖಂಡದಲ್ಲಿ ಮೊದಲ ನೆಲೆ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. 1939ರಲ್ಲಿ ಸಂಪತ್ಕುಮಾರನ್ ಎಂಬವರು ಅರಮನೆಯ ಡೈರಿ ಫಾರಂನಲ್ಲಿ ಹಾಲ್‌ಸ್ಟೈನ್ ಹೋರಿಯ ವೀರ್ಯದಿಂದ 33 ಹಳ್ಳಿಕಾರ್ ಹಸುಗಳಿಗೆ ಗಬ್ಬ ನಿಲ್ಲಿಸಿದರು. ಅಂದಿನದು ಹಸಿ ವೀರ್ಯ. ತಂಪಿನಲ್ಲಿಟ್ಟರೂ ಎರಡು ಮೂರು ದಿನಕ್ಕೆ ಮೀರಿ ಬಾಳದು. ಅದೇ ವರ್ಷ ಅಮೆರಿಕದ ಫಿಲಿಪ್ಸ್, ಮೊಟ್ಟೆಯ ಹಳದಿ ಬೆರೆಸಿದರೆ ವೀರ್ಯಾಣುಗಳು ಶೀತದ ಆಘಾತವನ್ನು ತಡೆದುಕೊಳ್ಳುತ್ತವೆಂದು ತೋರಿಸಿದ್ದನು. ಹಳದಿಯ ಕೊಬ್ಬಿನ ಕಣಗಳು ವೀರ್ಯಾಣುವಿನ ಹೊರಪೊರೆಯನ್ನು ಕಾಯುವುದೇ ಇದರ ಮರ್ಮ.

ತಂಪಿಗೆ ಹಳದಿ ಸಾಕು, ಬಹುಕಾಲ ಉಳಿಸುವ ಹೆಪ್ಪಿಗೆ ಸಾಲದು. ನೀರು ಮಂಜಾಗುತ್ತ ಹೋದಂತೆ ಅದರ ಹರಳುಗಳು ಜೀವಕೋಶವನ್ನು ಸೀಳುವುದಲ್ಲದೆ, ಉಳಿದ ನೀರಿನಲ್ಲಿ ಲವಣ ಗಾಢವಾಗಿ ಕೋಶದ ಸಾರವನ್ನೇ ಹೀರಿಬಿಡುತ್ತದೆ. ಪರಿಹಾರ ಸಿಕ್ಕಿದ್ದು ಲಂಡನ್ನಿನ ಮಿಲ್ ಹಿಲ್‌ನಲ್ಲಿ, ಒಂದು ಸೀಸೆಯ ಚೀಟಿ ತಪ್ಪಿದ್ದರಿಂದ. ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಫಲಶರ್ಕರದಲ್ಲಿ ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಹೋಗಿ ಸೋತು, ತಿಂಗಳುಗಳ ಮೇಲೆ ಅದೇ ದ್ರಾವಣವೆಂದು ನಂಬಿ ಹಳೆಯ ಸೀಸೆಯೊಂದನ್ನು ಬಳಸಿದಾಗ ವೀರ್ಯಾಣುಗಳು ಕರಗಿದ ಮೇಲೂ ಚಲಿಸತೊಡಗಿದವು. ಪರೀಕ್ಷಿಸಿ ನೋಡಲಾಗಿ ಸೀಸೆಯಲ್ಲಿ ಸಕ್ಕರೆಯೇ ಇಲ್ಲ, ಇದ್ದದ್ದು ಗ್ಲಿಸರಿನ್ ಮತ್ತು ಮೊಟ್ಟೆಯ ಬಿಳಿ! 1949ರಲ್ಲಿ ಪ್ರಕಟವಾದ ಈ ಶೋಧವು ಹೋರಿಯ ವೀರ್ಯಕ್ಕೂ ಒಗ್ಗಿ, ಎರಡೇ ವರ್ಷದಲ್ಲಿ ಕರುವಾಗಿ ಹುಟ್ಟಿ ನಿಂತಿತು.

ಗ್ಲಿಸರಿನ್ ಕೋಶದೊಳಕ್ಕೆ ಹೊಕ್ಕು ನೀರನ್ನು ಹಿಡಿದಿಟ್ಟು ಹರಳಿನ ಹಾವಳಿಯನ್ನು ತಗ್ಗಿಸುತ್ತದೆ. ಮಿತಿಮೀರಿದರೆ ತಾನೇ ವಿಷವಾಗುತ್ತದೆ. ಆದಕಾರಣವೇ ಅದು ಸಾಮಾನ್ಯವಾಗಿ ನೂರಕ್ಕೆ ಆರೇಳು ಪಾಲು, ಹಳದಿ ಇಪ್ಪತ್ತು ಪಾಲು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಹೆಸರಘಟ್ಟದಲ್ಲಿ ಆರಂಭವಾದ ಕೇಂದ್ರದಂತಹ ಕಡೆಗಳಲ್ಲಿ ಮಿಶ್ರಣವನ್ನು ಕಡ್ಡಿಗಳಿಗೆ ತುಂಬಿ, ಕೆಲವು ಗಂಟೆ ತಂಪಿನಲ್ಲಿರಿಸಿ, ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸಿ, ಕಡೆಗೆ ಮೈನಸ್ 196 ಡಿಗ್ರಿಯ ದ್ರವದಲ್ಲಿ ಮುಳುಗಿಸುತ್ತಾರೆ. ಒಂದು ಕಡ್ಡಿಗೆ ಸುಮಾರು 2 ಕೋಟಿ ವೀರ್ಯಾಣು. ಕರಗಿದ ಮೇಲೆ ಅರ್ಧದಷ್ಟಾದರೂ ಚುರುಕಾಗಿರಬೇಕೆಂಬುದು ನಿಯಮ.

ಇಷ್ಟೆಲ್ಲ ಜೋಪಾನವೂ ಹಾಳಾಗುವುದು ಬಹುಶಃ ನಮ್ಮ ಬೀದಿಯಲ್ಲಿಯೇ. ಬೇಕಾದ ಹೋರಿಯ ಸಂಖ್ಯೆ ಹುಡುಕುತ್ತ ಕಡ್ಡಿಗಳನ್ನು ಜಾಡಿಯ ಕೊರಳಿನಿಂದ ಮೇಲೆತ್ತಿಕೊಂಡು ನಿಂತರೆ, ಅರೆಕರಗಿ ಮರಳಿ ಹೆಪ್ಪಾದ ಕಡ್ಡಿಗೆ ಯಾವ ಗ್ಲಿಸರಿನ್ನೂ ಒದಗದು. ಗಬ್ಬ ನಿಲ್ಲದಿದ್ದಾಗ ಬೈಗುಳ ಬೀಳುವುದು ಮಾತ್ರ ಹಸುವಿನ ಮೇಲೆ.

ಸೀಮೆಹಸುವನ್ನು ಹೆಚ್ಚಿಸಿದ ಈ ವಿದ್ಯೆಯಿಂದಲೇ ಹಳ್ಳಿಕಾರಿನ ಪಾಲು ಕುಗ್ಗಿತೆಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸಾರಜನಕದಲ್ಲಿ ಬೀಜವು ದಶಕಗಳ ಕಾಲ ಕೆಡದೆ ಉಳಿಯುವುದರಿಂದ, ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಜನ ಸುತ್ತುಗಟ್ಟಿ ನೋಡುವ ಹಳ್ಳಿಕಾರ್ ಹೋರಿಯ ಸಂತಾನವನ್ನು ಅದು ಸತ್ತ ಮೇಲೂ ಪಡೆಯುವುದು ಸಾಧ್ಯ. ಹಳದಿಗೂ ಗ್ಲಿಸರಿನ್ನಿಗೂ ತಳಿಯ ಭೇದವಿಲ್ಲ, ಯಾವ ಹೋರಿಯನ್ನು ಆರಿಸಬೇಕೆಂಬ ನಿರ್ಣಯ ನಮ್ಮದು.